ಹಾರೋ ಉಮೇಶನ ಎತ್ತರ

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಮಗಳು ಪೇಪರು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ ಮೇಲೆ ಅವಳು ಪೇಪರನ್ನು ಹಿಂದಿನ ಪುಟದಿಂದ ಓದಲು ಶುರುಮಾಡಿದ್ದಾಳೆ. ಮೊದಲ ಪುಟದವರೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಅಮೆರಿಕದ ಯಾವನೋ ಆಟಗಾರನ ದೊಡ್ಡ ಫೋಟೋ ತೋರಿಸಿ, "ಅಮ್ಮ, ಇವನಿಗೆ ಕೊಟ್ಟಿರೋ ಹೆಸರು ಜಾಸ್ತಿ ಆಯ್ತು. ಅಷ್ಟೇನಿಲ್ಲ ಇವನು" ಎಂದಳು. ಯಾಕಮ್ಮಾ ಎಂದು ಕೇಳಿದೆ. ಎದುರಾಳಿಯನ್ನು ತಡೆಯಲು ಹಿಂದಕ್ಕೆ ಓಡುವುದಿಲ್ಲ, ಪಕ್ಕದಲ್ಲಿ ನಿಂತವನಿಗೆ ಪಾಸ್ ಕೊಡುವುದಿಲ್ಲ, ಹಾರಿ ಮೇಲಿಂದ ಚೆಂಡು ಇಳಿಸುತ್ತಾನೆ ಅಂತ ಜನ ಮರುಳಾಗಿದ್ದಾರೆ ಅಷ್ಟೇ, ಎಂದು ವಕೀಲರ ಹಾಗೆ ಒಂದೊಂದೇ ಹೇಳುತ್ತಾ ಹೋದಳು. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು. ಅವಳ ವಯಸ್ಸಿನಲ್ಲಿ ನಾನೂ ಇದೇ ವಾದವನ್ನು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ಊರೆಲ್ಲ ಮಂಡಿಸಿಕೊಂಡು ತಿರುಗಿದ್ದೆ. ನನ್ನ ಆಟಗಾರ ಮಾತ್ರ ಯಸಳೂರು ಕಡೆಯ ಒಂದು ಎಸ್ಟೇಟಿನವನು. ಹೆಸರು ಉಮೇಶ.

ಉಮೇಶ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹಾರೋ ಉಮೇಶ ಎನ್ನಬೇಕಿತ್ತು. ತೊಂಬತ್ತರ ದಶಕದ ನಡುವಿನ ಆ ಮೂರು ಬೇಸಗೆಗಳಲ್ಲಿ ಸಕಲೇಶಪುರದ ಬಸ್ಸಿನ ಕಂಡಕ್ಟರು ಕೂಡ ಅವನು ಹತ್ತಿದರೆ ಮುಂದಿನ ಸೀಟಿನವರನ್ನು ಸರಿಸಿ ಜಾಗ ಮಾಡಿಕೊಡುತ್ತಿದ್ದ. ಅವನ ತಾಯಿ ದೇವೀರಮ್ಮ ನಮ್ಮ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಇದ್ದವರು, ತೋಟದ ಕೆಲಸದವರು. ನನ್ನ ಅಪ್ಪ ಅದೇ ಎಸ್ಟೇಟಿನ ರೈಟರ್. ರೈಟರ್ ಎಂದರೆ ಕಥೆ ಬರೆಯುವವರು ಅಂದುಕೊಳ್ಳಬೇಡಿ. ಬೆಳಿಗ್ಗೆ ಹಾಜರಿ ಕರೆದು, ಯಾರು ಯಾವ ಪ್ಲಾಟಿಗೆ ಎಂದು ಹಂಚಿ, ಸಂಜೆಯವರೆಗೆ ಕೆಲಸ ನೋಡಿಕೊಳ್ಳುವವರು. ಮನೆಯಲ್ಲಿ ಕಥೆ ಕಟ್ಟುವ ಕೆಲಸ ನನ್ನದೇ ಆಗಿತ್ತು.

ಬ್ಯಾಸ್ಕೆಟ್‌ಬಾಲನ್ನು ನಮ್ಮಲ್ಲಿಗೆ ತಂದವರು ಮ್ಯಾನೇಜರ್ ಲೋಬೋ ಸಾಹೇಬರು. ಮಂಗಳೂರಿನ ಕಡೆಯವರು, ಕಾಲೇಜಿನಲ್ಲಿ ಆಡಿದ್ದವರು. ಒಂದು ವರ್ಷ ಕೊಯ್ಲು ಮುಗಿದು ಕಾಫಿ ಕಣ ಖಾಲಿಯಾದಾಗ ಅವರ ಕಣ್ಣು ಅದರ ಮೇಲೆ ಬಿತ್ತು: ಅಷ್ಟಗಲದ ಸಿಮೆಂಟಿನ ಅಂಗಳ, ಕಾಫಿ ಒಣಗಿಸುವುದು ಮುಗಿದ ಮೇಲೆ ಮುಂಗಾರಿನವರೆಗೆ ನಾಯಿ ಮಲಗುವುದು ಬಿಟ್ಟರೆ ಬೇರೆ ಉಪಯೋಗವಿಲ್ಲ. ಮಂಗಳೂರಿನಿಂದ ಒಂದು ಚೆಂಡು, ಒಂದು ಕಬ್ಬಿಣದ ರಿಂಗು ತರಿಸಿದರು. ಕಣದ ಒಂದು ತುದಿಗೆ ಸಿಲ್ವರ್ ಮರದ ಕಂಬ ನೆಟ್ಟು ಹಲಗೆ ಹೊಡೆಸಿದರು. ಅಪ್ಪನನ್ನು ಕರೆದು, "ರಿಂಗು ನೆಲದಿಂದ ಹತ್ತಡಿ ಮಾರಾಯ್ರೆ. ಹತ್ತಡಿ ಅಂದ್ರೆ ಹತ್ತಡಿ. ಇಡೀ ಪ್ರಪಂಚದಲ್ಲಿ ಅಷ್ಟೇ ಇರೋದು, ನಮ್ಮಲ್ಲೂ ಅಷ್ಟೇ ಇರ್ಬೇಕು" ಎಂದರು.

ಹತ್ತಡಿ ಅಳೆಯುವುದಕ್ಕೆ ಅಪ್ಪ ಟೇಪು ಹುಡುಕಲಿಲ್ಲ. ಹುಡುಕಬೇಕಾದ ಅಗತ್ಯವೂ ಇರಲಿಲ್ಲ. ರೊಬಸ್ಟಾ ಗಿಡವನ್ನು ಹತ್ತಡಿಗೊಂದರಂತೆ ನೆಡುತ್ತಾರಲ್ಲ, ಆ ಗುಂಡಿಗಳ ಜಾಗ ಗುರುತು ಮಾಡಲು ಸ್ಟೋರಿನಲ್ಲಿ ಒಂದು ಬಿದಿರಿನ ಕೋಲಿತ್ತು. ಎರಡೂ ತುದಿಗೆ ಕೆಂಪು ಬಣ್ಣ. ಎಸ್ಟೇಟಿನಲ್ಲಿ ಅದಕ್ಕೆ ಹತ್ತಡಿ ಕೋಲು ಎಂದೇ ಹೆಸರು. ಹೆಸರೇ ಹತ್ತಡಿ ಇರುವಾಗ ಅದನ್ನು ಯಾರು ಅಳೆಯುತ್ತಾರೆ? ಅಪ್ಪ ಕೋಲನ್ನು ಕಂಬಕ್ಕೆ ಆನಿಸಿ ಹಿಡಿದರು, ಆಚಾರಿ ಅದರ ತುದಿಗೆ ಸರಿಯಾಗಿ ಮೊಳೆ ಹೊಡೆದ. ಲೋಬೋ ಸಾಹೇಬರು ಕೆಳಗೆ ನಿಂತು ಭಲೇ ಎಂದರು. ಆ ವರ್ಷವೇ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಅಪ್ಪ ಅದೇ ಕೋಲಿನಲ್ಲಿ ಹೊಸ ಪ್ಲಾಟಿನ ಗುಂಡಿಗಳನ್ನೂ ಅಳೆಸಿದರು.

ಸಂಜೆ ಹೊತ್ತು ಆಟ ನಡೆಯುತ್ತಿತ್ತು. ಕಾಫಿ ಕಣಕ್ಕೆ ನೀರು ನಿಲ್ಲದಂತೆ ಒಂದು ಕಡೆಗೆ ವಾಟ ಕೊಟ್ಟಿರುತ್ತಾರೆ, ಹಾಗಾಗಿ ಕೈತಪ್ಪಿದ ಚೆಂಡು ನೇರ ತೋಟದೊಳಕ್ಕೆ ಉರುಳುತ್ತಿತ್ತು. ಅದನ್ನು ಹೆಕ್ಕಿ ತರುವ ಅಧಿಕೃತ ಹುದ್ದೆ ನನ್ನದು. ನಾನು ಎಸೆದ ಚೆಂಡು ರಿಂಗಿನ ಹತ್ತಿರಕ್ಕೂ ಹೋಗುವುದಿಲ್ಲ ಎಂದು ಎರಡೇ ದಿನದಲ್ಲಿ ಎಲ್ಲರಿಗೂ ತಿಳಿದುಹೋಗಿತ್ತು; ಒಮ್ಮೆಯಂತೂ ಅದು ಸ್ಟೋರಿನ ಹಂಚಿನ ಮೇಲೆ ಕೂತಿತ್ತು. ಕಾಫಿ ಗಿಡದ ಬುಡದಲ್ಲಿ ತೂರಿ, ಚಗಳಿ ಇರುವೆಯಿಂದ ಕಚ್ಚಿಸಿಕೊಂಡು, ಚೆಂಡು ಎತ್ತಿ ತಂದು ಕೊಡುವಾಗ ನಾನೂ ತಂಡದ ಅರ್ಧ ಸದಸ್ಯೆ ಎಂದು ನನ್ನ ನಂಬಿಕೆ.

ಅಲ್ಲೇ ಒಂದು ಸಂಜೆ ಉಮೇಶಣ್ಣ ನಾವ್ಯಾರೂ ಕಂಡಿರದ ಒಂದು ಕೆಲಸ ಮಾಡಿದ. ಆಗ ಅವನಿಗೆ ಹದಿನೆಂಟೋ ಹತ್ತೊಂಬತ್ತೋ. ಉದ್ದ ಕಾಲು, ತೆಳ್ಳಗೆ ಮೈ. ಕಣದ ಮೇಲಿನ ತುದಿಯಿಂದ ಓಡಿಬಂದು ಎದ್ದವನು ಚೆಂಡನ್ನು ಎಸೆಯಲೇ ಇಲ್ಲ, ರಿಂಗಿನ ಮೇಲಿಂದ ಒಳಕ್ಕೆ ಇಟ್ಟುಬಿಟ್ಟ. ಅವನ ಮಣಿಕಟ್ಟು ಕಬ್ಬಿಣಕ್ಕೆ ಉಜ್ಜಿ ರಕ್ತ ಬಂತು. ಲೋಬೋ ಸಾಹೇಬರು ಬಾಯಿಗೆ ಕೈ ಇಟ್ಟುಕೊಂಡರು. "ಎಂತ ಮಾರಾಯ ಇದು! ನಮ್ಮ ಕಾಲೇಜಲ್ಲಿ ಒಬ್ಬನಿಗೂ ಇದು ಆಗ್ತಿರ್ಲಿಲ್ಲ. ಇವ ಆರಡಿಯೂ ಇಲ್ಲ!" ಎಂದು ಎಲ್ಲರ ಮುಖ ನೋಡಿದರು. ಮರುದಿನದಿಂದ ಅವನು ಹಾರೋ ಉಮೇಶ. ಸುತ್ತಲ ಎಸ್ಟೇಟುಗಳಿಂದ ಜೀಪು ಮಾಡಿಕೊಂಡು ಬಂದು ನೋಡಿದರು. ಬಿಸಿಲೆ ಕಡೆಯಿಂದ ಬಂದ ಒಬ್ಬ ಅಜ್ಜ ಆಟ ಪೂರ್ತಿ ನೋಡಿ, "ಕಾಡಲ್ಲಿ ಕಡವೆ ಬೇಲಿ ಹಾರೋದು ಕಂಡಿದ್ದೆ, ಮನ್ಸ ಹಾರೋದು ಇವತ್ತೇ ಕಂಡಿದ್ದು" ಎಂದು ಹೇಳಿಹೋದ.

ಮೂರನೆಯ ಬೇಸಗೆಗೆ ಸುದ್ದಿ ಹಾಸನ ಮುಟ್ಟಿತು. ಜಿಲ್ಲಾ ತಂಡದ ಆಯ್ಕೆಗೆ ಕಳಿಸಿ ಎಂದು ಲೋಬೋ ಸಾಹೇಬರಿಗೆ ಕಾಗದ ಬಂತು. ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಕ್ಕೇ ಸಿಗುತ್ತದೆ ಎಂದು ಅವರು ದೇವೀರಮ್ಮನಿಗೆ ಹೇಳಿದರು. ಆಯ್ಕೆಗೆ ಇನ್ನು ಹದಿನೈದು ದಿನ.

ಆ ಹೊತ್ತಿಗೇ ನನಗೆ ಕೆಟ್ಟ ಕುತೂಹಲವೊಂದು ಹತ್ತಿಕೊಂಡಿತು. ಶಾಲೆಯಲ್ಲಿ ಮೇಷ್ಟ್ರು ನೆರಳಿನಿಂದ ಮರದ ಎತ್ತರ ಕಂಡುಹಿಡಿಯುವುದನ್ನು ಹೇಳಿಕೊಟ್ಟಿದ್ದರು. ಒಂದು ಅಡಿಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆ, ಮರದ ನೆರಳು ಅಳೆ, ಭಾಗಿಸು. ಲೆಕ್ಕದಲ್ಲಿ ನಾನು ಚೆಂಡೆಸೆತದಲ್ಲಿಗಿಂತಲೂ ದಡ್ಡಿ. ಆದರೂ ರಜೆಯಲ್ಲಿ ಕೈಗೆ ಸಿಕ್ಕ ಕಂಬ, ಕೋಳಿಗೂಡು, ಅಜ್ಜಿ, ಎಲ್ಲದರ ಎತ್ತರ ಕಂಡುಹಿಡಿದೆ. ಅಜ್ಜಿ ಏಳೂವರೆ ಅಡಿ ಬಂದರು. ಕೊನೆಗೆ ಉತ್ತರ ಮೊದಲೇ ಗೊತ್ತಿರುವ ಒಂದನ್ನು ಅಳೆದು ನೋಡೋಣ, ಆಗ ನನ್ನ ತಪ್ಪು ಎಲ್ಲಿ ಎಂದು ತಿಳಿಯುತ್ತದೆ ಎಂದುಕೊಂಡೆ. ಉತ್ತರ ಗೊತ್ತಿದ್ದದ್ದು ರಿಂಗು, ಹತ್ತಡಿ. ಮೂರು ಸಲ ಮಾಡಿದೆ. ಮೂರು ಸಲವೂ ಒಂಬತ್ತು ಅಡಿಯ ಆಸುಪಾಸಿನಲ್ಲೇ ನಿಂತಿತು. ಮರುದಿನ ಮಧ್ಯಾಹ್ನ ಕಣದಲ್ಲಿ ಯಾರೂ ಇಲ್ಲದಾಗ ಮೆಣಸು ಕೊಯ್ಯುವ ಏಣಿ ಹಾಕಿ, ರಿಂಗಿನಿಂದ ನೆಲದವರೆಗೆ ದಾರ ಇಳಿಬಿಟ್ಟು, ಅದನ್ನು ಅಮ್ಮನ ಹೊಲಿಗೆ ಟೇಪಿನಲ್ಲಿ ಅಳೆದೆ. ಒಂಬತ್ತಡಿ ಮೂರಿಂಚು.

ಸಂಜೆ ಅಪ್ಪ ಬಂದು ಜಗಲಿಯಲ್ಲಿ ಕೂತಿದ್ದಾಗ ಹೇಳಿದೆ. ಅವರು ನಕ್ಕರು.

"ನಿಮ್ಮಜ್ಜಿನ ಏಳೂವರೆ ಅಡಿ ಮಾಡ್ದೋಳಲ್ವಾ ನೀನು?"

"ಟೇಪಲ್ಲಿ ಅಳ್ದೆ ಅಪ್ಪ."

ಅಪ್ಪ ಎದ್ದು ಸ್ಟೋರಿಗೆ ಹೋಗಿ ಹತ್ತಡಿ ಕೋಲು ತಂದು ಜಗಲಿಯ ಮೇಲೆ ಮಲಗಿಸಿದರು. ಅಮ್ಮ ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು; ಉದ್ದ ಸಾಲದ್ದಕ್ಕೆ ಎರಡನೆಯ ಸಲ ಸರಿಸಿ ಹಿಡಿದೆವು. ಅಪ್ಪ ಬಗ್ಗಿ ಓದಿದರು. ಮತ್ತೆ ಓದಿದರು. ಆಮೇಲೆ ಕೋಲಿನ ಕೆಂಪು ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತುಬಿಟ್ಟರು.

ಆದದ್ದು ಇಷ್ಟೇ. ನನ್ನಪ್ಪ ಅತಿ ಅಚ್ಚುಕಟ್ಟಿನ ಮನುಷ್ಯ. ಹಾಜರಿ ಪುಸ್ತಕಕ್ಕೆ ಬೈಂಡು ಹಾಕಿಕೊಳ್ಳುವವರು, ಪೆನ್ಸಿಲ್ಲನ್ನು ಎರಡೂ ಕಡೆ ಹೆರೆದು ಇಟ್ಟುಕೊಳ್ಳುವವರು. ಗುಂಡಿ ಗುರುತು ಮಾಡುವಾಗ ಬಿದಿರಿನ ತುದಿ ದಿನವಿಡೀ ನೆಲಕ್ಕೆ ಕುಟ್ಟಿ ಸೀಳಿಕೊಳ್ಳುತ್ತದೆ. ಸೀಳಿದ ಕೋಲು ಅವರ ಕಣ್ಣಿಗೆ ಆಗದು. ಪ್ರತಿ ವರ್ಷ ಹಂಗಾಮಿಗೆ ಮೊದಲು ಸೀಳಿದಷ್ಟನ್ನು ಗರಗಸದಲ್ಲಿ ಕತ್ತರಿಸಿ, ಹೊಸದಾಗಿ ಕೆಂಪು ಬಣ್ಣ ಬಳಿದಿಡುತ್ತಿದ್ದರು. ಈ ವರ್ಷ ಒಂದಿಂಚು, ಮುಂದಿನ ವರ್ಷ ಒಂದೂವರೆ. ಸೋಮಾರಿಯೊಬ್ಬ ರೈಟರ್ ಆಗಿದ್ದರೆ ನಮ್ಮ ರಿಂಗು ಸರಿಯಾಗಿ ಹತ್ತಡಿಗೇ ಇರುತ್ತಿತ್ತು.

"ರಿಂಗು ಹಾಳಾಗ್ಲಿ ಕಣೇ," ಎಂದು ಅಪ್ಪ ಅಮ್ಮನಿಗೆ ಹೇಳಿದರು. "ಹೊಸ ಪ್ಲಾಟು ಪೂರ್ತಿ ಇದ್ರಲ್ಲೇ ಅಳೆಸ್ಬುಟ್ಟಿದೀನಲ್ಲ. ಹತ್ತಡಿಗೆ ಒಂದು ಗಿಡ ಅಂತ ಧಣಿಗಳಿಗೆ ನಾನೇ ಬರ್ದು ಕೊಟ್ಟಿದೀನಿ. ರಿಂಗು ಕಮ್ಮಿ ಐತೆ ಅಂತ ಹೊರಗೆ ಬಂದ್ರೆ, ಯಾವ ಕೋಲಲ್ಲಿ ಅಳ್ದೆ ಅಂತ ಕೇಳಲ್ವಾ?"

ಕೇಳಿದರೆ ಅಪ್ಪನ ಕೆಲಸ ಹೋಗುತ್ತಿತ್ತು. ನಾವಿದ್ದ ಮನೆ ಎಸ್ಟೇಟಿನದು, ಅದೂ ಹೋಗುತ್ತಿತ್ತು. ಗಿಡ ನೆಟ್ಟು ಎರಡು ಮಳೆಗಾಲ ಕಳೆದಿತ್ತು, ಕಿತ್ತು ಮತ್ತೆ ನೆಡುವ ಹಾಗಿರಲಿಲ್ಲ. ಇದೆಲ್ಲ ನನಗೆ ಅರ್ಥವಾಯಿತು. ಆದರೂ ಕೇಳಿದೆ, "ಮತ್ತೆ ಉಮೇಶಣ್ಣ?" ಅಪ್ಪ ಕೋಲು ಎತ್ತಿಕೊಂಡು ಒಳಗೆ ಹೋದರು. "ನೀನು ಬಾಯಿ ಬಿಡ್ಬ್ಯಾಡ" ಎಂದದ್ದು ಅಮ್ಮ. ಮರುದಿನ ಸ್ನಾನದ ಹಂಡೆಯ ಒಲೆಯಲ್ಲಿ ಬಿದಿರು ಪಟಪಟ ಸಿಡಿಯಿತು. ಅಂದು ನೀರು ತುಂಬ ಬಿಸಿಯಾಗಿತ್ತು.

ಆ ಹದಿನೈದು ದಿನ ಉಮೇಶಣ್ಣ ಹಾರುವುದನ್ನು ನಾನು ನೋಡಿದ ಹಾಗೆ ಯಾರೂ ನೋಡಿರಲಿಕ್ಕಿಲ್ಲ. ಹಾಸನದ ರಿಂಗು ಹತ್ತಡಿಯದು. ಅಲ್ಲಿ ಇವನು ಹಾರುತ್ತಾನೆ, ಕೈ ಎಟಕುವುದಿಲ್ಲ. ಹೇಳಿದರೆ ಹಾರುವ ಹುಚ್ಚು ಬಿಟ್ಟು ಎಲ್ಲರ ಹಾಗೆ ಎಸೆದು ಆಡಿಯಾನು, ಅವನ ಎಸೆತವೂ ಕೆಟ್ಟದ್ದೇನಲ್ಲ. ಒಂದು ಸಂಜೆ ಚೆಂಡು ತಂದುಕೊಟ್ಟು ಅಲ್ಲೇ ನಿಂತೆ.

"ಏನಮ್ಮಿ? ಏನಾರ ಹೇಳ್ಬೇಕಾ?" ಎಂದ.

"ಚೆಂಡಲ್ಲಿ ಗಾಳಿ ಕಮ್ಮಿ ಐತೆ ಉಮೇಶಣ್ಣ" ಎಂದೆ.

ಅವನು ಚೆಂಡನ್ನು ಎರಡು ಸಲ ಒತ್ತಿ ನೋಡಿ, "ಸರಿಯಾಗೈತಲ್ಲ" ಎಂದು ಆಟಕ್ಕೆ ಹೋದ.

ಹಾಸನಕ್ಕೆ ಲೋಬೋ ಸಾಹೇಬರು ನಮ್ಮನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೋದರು. ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯಬಹುದಿತ್ತು. ನೋಡಲೇಬೇಕೆಂಬ ಚಪಲ ಬಿಡಲಿಲ್ಲ. ಆಯ್ಕೆ ಮಾಡುವವರು ಮೇಜಿನ ಹಿಂದೆ ಕೂತಿದ್ದರು. ಸಾಹೇಬರು ಹೋಗಿ, ನಮ್ಮ ಹುಡುಗ ಮೇಲಿಂದ ಇಳಿಸ್ತಾನೆ ಎಂದರು. ಎಲ್ಲಿ, ಇಳಿಸಲಿ ನೋಡೋಣ ಎಂದರು ಅವರು. ಉಮೇಶಣ್ಣ ಮೂರು ಸಲ ಹಾರಿದ. ಮೂರು ಸಲವೂ ಚೆಂಡು ರಿಂಗಿನ ಅಂಚಿಗೆ ಬಡಿದು ವಾಪಸು ಬಂತು. ಕೊನೆಯ ಸಲ ಅದು ಮೇಜಿನ ಮೇಲೇ ಬಿದ್ದು ಟೀ ಲೋಟಗಳನ್ನು ಉರುಳಿಸಿತು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವನು ಎಸೆದದ್ದನ್ನು ಯಾರೂ ಗಮನವಿಟ್ಟು ನೋಡಲಿಲ್ಲ. ವಾಪಸು ಬರುವಾಗ ಸಾಹೇಬರು ಎಂತ ಆಯ್ತು ನಿನಗೆ ಎಂದು ಕೇಳಿದ್ದಕ್ಕೆ, "ಕಾಲು ಎಳೀತು ಸಾರ್" ಎಂದ.

ಹೆಸರು ಏರುವುದಕ್ಕೆ ಮೂರು ಬೇಸಗೆ ಹಿಡಿದಿತ್ತು, ಇಳಿಯುವುದಕ್ಕೆ ಒಂದು ವಾರ ಸಾಕಾಯಿತು. "ಬರೀ ಹವಾ ಕಣ್ರೀ, ಹಾಸನಕ್ಕೆ ಹೋಗಿ ಮಾನ ಕಳ್ದ್ಬುಟ್ಟ" ಎಂದು ಬಸ್ಸಿನಲ್ಲಿ ಮಾತು. ಕಂಡಕ್ಟರು ಸೀಟು ಬಿಡಿಸಿಕೊಡುವುದನ್ನು ನಿಲ್ಲಿಸಿದ. ನಿಮಗೆ ಆಶ್ಚರ್ಯವಾಗಬಹುದು, ಇದನ್ನು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು. ಅವನು ಪಾಸ್ ಕೊಡಲ್ಲ, ಹಿಂದಕ್ಕೆ ಓಡಲ್ಲ, ಎಡಗೈಯಲ್ಲಿ ಏನೂ ಬರಲ್ಲ, ಜನ ಸುಮ್ಮನೆ ಹೊತ್ತು ಮೆರೆಸಿದರು ಎಂದು ಶಾಲೆಯಲ್ಲಿ ಭಾಷಣ ಮಾಡಿದೆ. ಅವನು ನಿಜಕ್ಕೂ ಅಷ್ಟೇನಿಲ್ಲ ಎಂದಾದರೆ ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ನಷ್ಟವಾಗಿದ್ದೂ ಅಷ್ಟೇನಿಲ್ಲ, ಅಲ್ಲವೇ? ಈ ಲೆಕ್ಕ ಮಾತ್ರ ನನಗೆ ಒಂದೇ ಸಲಕ್ಕೆ ಬಂತು. ಪಾಸ್ ಕೊಡುತ್ತಿರಲಿಲ್ಲ ಎಂಬುದು ಈಗಲೂ ನಿಜವೇ ಅನ್ನಿ.

ಹೊಸ ಪ್ಲಾಟಿನ ಕಥೆ ಇನ್ನೂ ಚೆನ್ನಾಗಿದೆ. ಗಿಡಗಳು ಬೆಳೆದು ರೆಂಬೆಗೆ ರೆಂಬೆ ಸಿಕ್ಕಿಕೊಂಡು ನಡುವೆ ನುಸುಳಲು ಜಾಗವಿಲ್ಲದಂತಾದಾಗ ಧಣಿಗಳು ಬಂದು ನೋಡಿ, "ಈ ಮಣ್ಣಿನ ಗುಣ ನೋಡ್ರೀ, ಗಿಡ ಹೆಂಗೆ ಮೈ ತುಂಬ್ಕೊಂಡವೆ!" ಎಂದು ಅಪ್ಪನ ಬೆನ್ನು ತಟ್ಟಿದರಂತೆ. ಬಂದ ನೆಂಟರಿಗೆಲ್ಲ ಆ ಮಣ್ಣು ತೋರಿಸುತ್ತಿದ್ದರು. ಅಪ್ಪ ಆ ಎಸ್ಟೇಟಿನಲ್ಲೇ ಮರ್ಯಾದೆಯಿಂದ ರಿಟೈರಾದರು. ತೀರಿಕೊಂಡು ಆರು ವರ್ಷವಾಯಿತು. ಆ ಕೋಲಿನ ಮಾತನ್ನು ಅವರು ಇನ್ನೊಮ್ಮೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಉಮೇಶಣ್ಣ ಹೆಂಡತಿಯ ಊರಾದ ಪಾಳ್ಯದಲ್ಲಿ ನೆಲೆಸಿ, ಮರಗಸಿ ಕೆಲಸ ಮಾಡುತ್ತಾನೆ ಎಂದು ನನಗೆ ಗೊತ್ತಿತ್ತು. ಮಳೆಗೆ ಮುಂಚೆ ತೋಟದ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ ಅದು. ನಾನಿರುವ ಆಲೂರಿನಿಂದ ಪಾಳ್ಯ ಎಷ್ಟು ಮಹಾ ದೂರ? ಇಷ್ಟು ವರ್ಷ ಆ ಬಸ್ಸು ಹತ್ತದಿರಲು ನೂರು ನೆವ ಹುಡುಕಿದ್ದೆ. ಮಗಳ ವಾದ ಕೇಳಿದ ಭಾನುವಾರ ರೊಟ್ಟಿ ಹಿಟ್ಟು ಮುಚ್ಚಿಟ್ಟು ಹೊರಟೆ.

ಅವನು ಮನೆ ಮುಂದೆ ಕೂತು ಕತ್ತಿ ಮಸೆಯುತ್ತಿದ್ದ. ತಲೆ ನೆರೆತಿದೆ, ಕಾಲು ಮಾತ್ರ ಅದೇ ಉದ್ದ. "ರೈಟರ್ ಮಗಳಲ್ವಾ ನೀವು? ಬನ್ನಿ ಬನ್ನಿ, ಕೂತ್ಕಳಿ" ಎಂದು ಚಾಪೆ ಹಾಸಿದ. ನನಗೆ ಸುತ್ತಿ ಬಳಸಿ ಮಾತಾಡಲು ಧೈರ್ಯವಿರಲಿಲ್ಲ. ಕೂರುವ ಮೊದಲೇ ಹೇಳಿಬಿಟ್ಟೆ: ರಿಂಗು ಒಂಬತ್ತಡಿ ಮೂರಿಂಚು ಇತ್ತು, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ.

ಅವನು ಕತ್ತಿಯ ಬಾಯಿಯನ್ನು ಬೆರಳಿನಿಂದ ಸವರಿ ನೋಡುತ್ತಾ, "ನಂಗೂ ಗೊತ್ತಿತ್ತು ಕಣಮ್ಮ" ಎಂದ.

"ಯಾವಾಗಿಂದ?"

"ಹೊಸ ಪ್ಲಾಟು ಗುಂಡಿ ತೆಗ್ದಾಗಿಂದ್ಲೇ. ನಮ್ಮವ್ವ ಗುಂಡಿಯಿಂದ ಗುಂಡಿಗೆ ಲೆಕ್ಕವಾಗಿ ಹೆಜ್ಜೆ ಇಡೋಳು. ಆ ವರ್ಷ ಕಡೇ ಹೆಜ್ಜೆ ಗುಂಡಿಯೊಳಗೇ ಬೀಳ್ತಿತ್ತಂತೆ. ಮನೆಗೆ ಬಂದು, ರೈಟರ್ರ ಕೋಲು ಗಿಡ್ಡ ಆಗೈತೆ ಕಣೋ ಅಂದ್ಲು. ಅದೇ ಕೋಲಲ್ಲಿ ಅಲ್ವಾ ರಿಂಗು ಅಳ್ದಿದ್ದು? ನಾನೂ ಅಳ್ದು ನೋಡ್ದೆ."

"ಮತ್ತೆ ಯಾಕೆ ಯಾರ್ಗೂ ಹೇಳ್ಲಿಲ್ಲ? ಹಾಸನದಲ್ಲಿ ಅಷ್ಟು ಜನ ನಕ್ಕಾಗ್ಲೂ?"

"ಅವ್ವ ಬ್ಯಾಡ ಅಂದ್ಲು. ನಿಮ್ಮಪ್ಪ ಹಾಜರಿ ಕರೆಯೋವಾಗ ಲೈನಿನೋರ್ನೆಲ್ಲ ಪೂರ್ತಿ ಹೆಸ್ರು ಹಿಡ್ದು ಕರೀತಿದ್ರು, ದೇವೀರಮ್ಮನವ್ರೆ ಅಂತ. ಅವ್ರಿಗಿಂತ ಮುಂಚೆ ಇದ್ದ ರೈಟರ್ ಏಯ್ ಅಂತಿದ್ದ, ಅಷ್ಟೇ. ಆ ಮನ್ಸ ಹೋಗ್ಬಾರ್ದು ಅಂದ್ಲು."

ನನಗೆ ಅಳು ಬಂತು. ಅವನು ಅದನ್ನು ನೋಡದವನಂತೆ ಕತ್ತಿ ಮಸೆದ. ಕಣ್ಣೊರೆಸಿಕೊಂಡು ನಾನು, "ಮತ್ತೆ ಗೊತ್ತಿದ್ದೂ ಅಲ್ಲಿ ಹಾರಿದ್ಯಾಕೆ ಉಮೇಶಣ್ಣ? ಆಗಲ್ಲ ಅಂತ ಗೊತ್ತಿತ್ತಲ್ಲ. ಎಸೆದೇ ಆಡ್ಬೋದಿತ್ತು" ಎಂದೆ.

"ಎಷ್ಟು ಕಮ್ಮಿ ಬೀಳ್ತೀನಿ ಅಂತ ನೋಡ್ಬೇಕಿತ್ತು ಕಣಮ್ಮ. ಎಲ್ರೂ ಹಾರೋ ಉಮೇಶ ಅಂತಾರೆ, ನಿಜವಾಗ್ಲೂ ಎಷ್ಟು ಹಾರ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

"ಎಷ್ಟು ಕಮ್ಮಿ ಬಿತ್ತು?"

ಅವನು ಕತ್ತಿ ಕೆಳಗಿಟ್ಟು ಬಲಗೈ ಎತ್ತಿ, ಹೆಬ್ಬೆರಳು ಮಡಿಸಿ ತೋರಿಸಿದ. "ನಾಲ್ಕು ಬೆರಳು."

ಹಾಗೆನ್ನುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಹಬ್ಬಕ್ಕೆ ಕುಯ್ದ ಕುಂಬಳಕಾಯಿ ಎಷ್ಟು ದಪ್ಪ ಇತ್ತು ಎಂದು ಹೇಳುವವರ ಸಂತೋಷವಿತ್ತು. ಪಾಸ್ ಕೊಡಲ್ಲ ಎಂದು ನಾನು ಶಾಲೆಯಲ್ಲಿ ಹೇಳುತ್ತಿದ್ದದ್ದೂ ಅವನ ಕಿವಿಗೆ ಬಿದ್ದಿತ್ತಂತೆ. "ಅದು ದಿಟ, ನಾನು ಕೊಡ್ತಿರ್ಲಿಲ್ಲ. ಕೊಟ್ರೆ ಆ ನನ್ಮಕ್ಳು ವಾಪಸ್ ಕೊಡ್ತಿರ್ಲಿಲ್ಲ" ಎಂದು ನಕ್ಕ.

ಆಲೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನ ಕೈಯನ್ನೇ ನೋಡಿಕೊಂಡು ಬಂದೆ. ನಾಲ್ಕು ಬೆರಳೆಂದರೆ ಮೂರಿಂಚು. ಹಾಸನದ ರಿಂಗು ನಮ್ಮದಕ್ಕಿಂತ ಒಂಬತ್ತು ಇಂಚು ಮೇಲಿತ್ತು. ಒಂಬತ್ತರಲ್ಲಿ ಮೂರು ಕಳೆದೆ. ಅಭ್ಯಾಸಬಲದಿಂದ ಮೂರು ಸಲ ಕಳೆದೆ. ಮೂರು ಸಲವೂ ಆರೇ ಬಂತು. ನಾವೆಲ್ಲ ಕಣದ ಸುತ್ತ ನಿಂತು ಚಪ್ಪಾಳೆ ತಟ್ಟಿದ ಎತ್ತರಕ್ಕಿಂತ ಆರಿಂಚು ಮೇಲಕ್ಕೆ ಅವನು ಹಾರಿದ್ದ, ನಾವು ತಲೆ ತಗ್ಗಿಸಿ ಜೀಪು ಹತ್ತಿದ ದಿನ.